ಮಿನೊವಾ ಅವರ ಮುತ್ತಾತ ಯಾವ ಕಡೆ?

ಮಿನೊವಾ ಕುನಿಹಿಕೊ ಅವರ ಮುತ್ತಾತಂದಿರು ಯಾರು, ಎಲ್ಲಿದ್ದರು, ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು ಎನ್ನುವ ವಿಷಯ ಆ ಸೆಪ್ಟೆಂಬರ್ ತಿಂಗಳ ಶನಿವಾರ ಸಂಜೆ ಏಳೂಕಾಲಿನವರೆಗೆ ಜಗತ್ತಿನಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಸ್ವತಃ ಮಿನೊವಾ ಅವರಿಗಂತೂ ಬೇಡವೇ ಬೇಡವಾಗಿತ್ತು. ಏಳೂಕಾಲಿಗೆ ಅವರು ಸಾಕೆ ಎಂಬ ಅಕ್ಕಿ ಮದ್ಯದ ಮೂರನೆಯ ಬಟ್ಟಲು ಮುಗಿಸಿದರು. ಎಡವಟ್ಟಾಗಿದ್ದು ಅಲ್ಲೇ.

ಮಗಳು ಮಿಫುಯು ಮೆಚ್ಚಿಕೊಂಡಿದ್ದ ಹುಡುಗನ ಹೆಸರು ಶಿಂಗೊ. ಅವನ ತಂದೆ ಕುವಾಬಾರಾ ತೇಯಿಜಿ ಸೆಕಿಗಾಹಾರಾದಿಂದ ನಗೋಯಾಕ್ಕೆ ಬಂದಿದ್ದರು. ಎರಡೂ ಮನೆಯವರು ಒಟ್ಟಿಗೆ ಕೂತು ಊಟ ಮಾಡುತ್ತಿದ್ದುದು ಅದೇ ಮೊದಲು. ಈ ಕುವಾಬಾರಾ ಆರಡಿ ಆಳು, ಪೊದೆಹುಬ್ಬು, ಮಾತು ಲೆಕ್ಕಕ್ಕೆ ಸಿಗುವಷ್ಟು. ಸೂಪು ಬಂತು, ಮೀನು ಬಂತು, ಅನ್ನ ಬಂತು, ಆಸಾಮಿಯ ಬಾಯಿಂದ ಮಾತು ಮಾತ್ರ ಬರಲಿಲ್ಲ. ಕೊನೆಗೆ ಉಪ್ಪಿನಕಾಯಿ ಬಂದಾಗ ಅದನ್ನು ನೋಡುತ್ತಾ, "ನಮ್ಮದು ಮೂಲಂಗಿ ಬೆಳೆಯೋ ಮನೆ. ನಾನೂರು ಚಿಲ್ಲರೆ ವರ್ಷದ ಹಿಂದೆ ದೊಡ್ಡ ಯುದ್ಧ ಆಯ್ತಲ್ಲ, ಆ ರಣರಂಗದ ಪಕ್ಕದಲ್ಲೇ ಹೊಲ," ಅಂದರು.

ಇದಕ್ಕೆ "ಹೌದಾ, ಒಳ್ಳೇದು" ಅಂದಿದ್ದರೆ ಸಾಕಿತ್ತು. ಮಿನೊವಾ ಅವರ ಹೆಂಡತಿ ತೋಶಿಯೆ ಹಾಗೆಯೇ ಅಂದಳು. ಆದರೆ ನಮ್ಮ ಮಿನೊವಾ ಇದ್ದಾರಲ್ಲ, ಅವರು ನಲ್ಲಿ ತಯಾರಿಸುವ ಕಂಪನಿಯೊಂದರ ದೂರು ವಿಭಾಗದಲ್ಲಿ ಇಪ್ಪತ್ತೇಳು ವರ್ಷ ಸವೆಸಿದವರು. ಯಾರದೋ ಮನೆಯ ನಲ್ಲಿ ಕೆಟ್ಟರೆ ಇವರು ಹೋಗಿ ಕ್ಷಮೆ ಕೇಳಿ ಬಾಗಬೇಕು. ಮಾಡಿದವರು ಇವರಲ್ಲ, ಮಾರಿದವರು ಇವರಲ್ಲ, ಬಾಗುವವರು ಮಾತ್ರ ಇವರು. ತೊಟ್ಟಿಕ್ಕಿದರೆ ಹದಿನೈದು ಡಿಗ್ರಿ, ಸುರಿದರೆ ನಲವತ್ತೈದು, ಕೆಳಗಿನ ಮನೆಯ ಚಾವಣಿ ನೆನೆದಿದ್ದರೆ ಪೂರ್ತಿ ತೊಂಬತ್ತು. ಹೀಗೆ ಊರಿಗೆಲ್ಲ ಬಾಗಿದ ತಲೆಗೆ ಬೀಗರ ಮುಂದಾದರೂ ಒಂದು ದಿನ ನೆಟ್ಟಗೆ ನಿಲ್ಲಬೇಕು ಅನ್ನಿಸಿದರೆ ತಪ್ಪಲ್ಲ.

"ಹಾಗಾದರೆ ನಮ್ಮ ಮುತ್ತಾತನೂ ನಿಮ್ಮೂರಿಗೆ ಬಂದಿದ್ದ," ಅಂದರು ಮಿನೊವಾ. "ಕತ್ತಿ ಹಿಡಿದುಕೊಂಡು."

ತೋಶಿಯೆಯ ಕೈಯಲ್ಲಿದ್ದ ಮೀನು ಬಟ್ಟಲಿಗೆ ಬಿತ್ತು. ಮಿಫುಯು ಅಪ್ಪನ ಮುಖವನ್ನೇ ನೋಡಿದಳು. ಕುವಾಬಾರಾ ಅವರ ಹುಬ್ಬುಗಳು ಮಾತ್ರ ಎರಡು ಅಂಗುಲ ಮೇಲೇರಿದವು.

"ಸಮುರಾಯಿ ಮನೆತನ ಅನ್ನಿ. ಮನೆತನದ ಲಾಂಛನ ಯಾವುದು ಬೀಗರೇ?"

ಮಿನೊವಾ ಅವರಿಗೆ ಲಾಂಛನ ಎಲ್ಲಿಂದ ಬರಬೇಕು. ಆದರೆ ಹಳೆಯ ಬೀರುವಿನ ಬಾಗಿಲ ಒಳಗಡೆ ತಾತನ ಒಂದು ಫೋಟೋ ಅಂಟಿಸಿತ್ತು. ಮಗನ ಮದುವೆಯಲ್ಲಿ, ಅಂದರೆ ಮಿನೊವಾ ಅವರ ಅಪ್ಪನ ಮದುವೆಯಲ್ಲಿ ತೆಗೆಸಿದ್ದು. ತಾತ ಕರಿ ಮೇಲಂಗಿ ತೊಟ್ಟು ಬೆಕ್ಕಸಬೆರಗಾಗಿ ಕೂತಿದ್ದಾನೆ. ಎದೆಯ ಮೇಲೆ ಬಿಳಿಯ ಗುರುತು, ಕೆಳಗೆ ಕಿರಿ ಎಂಬ ಮರದ ಮೂರು ಎಲೆ, ಮೇಲೆ ಹೂಗೊಂಚಲು. ಮಿನೊವಾ ಅದನ್ನೇ ಹೇಳಿದರು. ಮರುದಿನ ಬೆಳಗ್ಗೆ ಆರೂವರೆಗೆ ಕುವಾಬಾರಾ ಫೋನ್ ಮಾಡಿ ಫೋಟೋ ಕಳಿಸಲು ಹೇಳಿದರು. ಏಳಕ್ಕೆ ಮತ್ತೆ ಫೋನ್. "ನೋಡಿದೆ ಬೀಗರೇ, ಕೈಕಾಲು ಆಡ್ತಾ ಇಲ್ಲ. ಆ ಲಾಂಛನ ಇದ್ದೋರು ಎರಡೂ ಪಡೆಯಲ್ಲಿ ಇದ್ದರು. ನೀವು ಬರಲೇಬೇಕು. ಇಡೀ ರಣರಂಗ ನಡೆದೇ ನೋಡೋಣ, ನಿಮ್ಮ ಮುತ್ತಾತ ನಿಂತ ಜಾಗದಲ್ಲೇ ನಿಮ್ಮನ್ನ ನಿಲ್ಲಿಸ್ತೀನಿ. ಮದುವೆ ಮಾತೂ ಅಲ್ಲೇ ಮುಗಿಸೋಣ."

ಮಾತು ಕಡಿಮೆ ಎನ್ನಿಸಿಕೊಂಡ ಮನುಷ್ಯ ಅಂದಿನಿಂದ ದಿನಕ್ಕೆ ಮೂರು ಸಲ ಫೋನ್ ಮಾಡತೊಡಗಿದರು.

"ನಿಜ ಹೇಳಿಬಿಡಿ," ಅಂದಳು ತೋಶಿಯೆ.

"ಹೇಳ್ತೀನಿ ಕಣೇ. ಮುಖತಾ ಹೇಳ್ತೀನಿ. ಫೋನಲ್ಲಿ ಹೇಳೋ ವಿಷಯವೇ ಇದು?" ಅಂದರು ಮಿನೊವಾ.

ನವೆಂಬರ್ ಮೊದಲ ಭಾನುವಾರ ಮಿನೊವಾ ದಂಪತಿಗಳು ಮಗಳೊಡನೆ ಸೆಕಿಗಾಹಾರಾ ಸ್ಟೇಷನ್ನಿನಲ್ಲಿ ಇಳಿದರು. ಇಳಿದದ್ದೇ ತಡ, ಶಂಖ ಮೊಳಗಿತು. ಹೊಸ ಬೂಟು ಹಾಕಿಕೊಂಡಿದ್ದ ಮಿನೊವಾ ಬೆಚ್ಚಿ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಸ್ಟೇಷನ್ನಿನ ಮುಂದೆ ಕುವಾಬಾರಾ, ಪಕ್ಕದಲ್ಲಿ ಶಿಂಗೊ, ಅವರ ಹಿಂದೆ ರಣರಂಗ ಕಾಲ್ನಡಿಗೆ ಬಳಗದ ಏಳು ಜನ ಮುದುಕರು ಸಾಲಾಗಿ ನಿಂತಿದ್ದರು. ಒಬ್ಬನ ಕೈಯಲ್ಲಿ ಶಂಖ. ಉಳಿದವರು ಎತ್ತಿ ಹಿಡಿದ ಬಾವುಟಗಳ ಮೇಲೆ ಆಗಷ್ಟೇ ಬಣ್ಣ ಹಾಕಿಸಿದ ಮೂರು ಕಿರಿ ಎಲೆ.

"ರೀ, ಈಗ ಹೇಳಿ," ಅಂತ ತೋಶಿಯೆ ತಿವಿದಳು.

"ಶಂಖ ಊದ್ತಾ ಇದಾರಲ್ಲೇ, ಹೇಗೆ ಹೇಳಲಿ?"

ಶಂಖ ನಿಲ್ಲುವ ಹೊತ್ತಿಗೆ ಬಳಗದ ಕಾರ್ಯದರ್ಶಿ ಹಿಬಿನೊ ಮುಂದೆ ಬಂದರು. ಇವರು ಮೂವತ್ತೈದು ವರ್ಷ ಯಾವುದೋ ಕಚೇರಿಯ ದಾಖಲೆ ಕೋಣೆಯಲ್ಲಿದ್ದು ನಿವೃತ್ತರಾದವರು. ಕಚೇರಿ ಇವರನ್ನು ಬಿಟ್ಟಿತ್ತು, ಇವರು ಕಚೇರಿಯನ್ನು ಬಿಟ್ಟಿರಲಿಲ್ಲ. ಕೈಯಲ್ಲಿ ಒಂದು ಫಾರಂ ಇತ್ತು.

"ವಂಶಸ್ಥರ ನೋಂದಣಿ. ಹೆಸರು, ವಿಳಾಸ ನಾನೇ ತುಂಬಿದೀನಿ. ಇಲ್ಲಿ ಪಡೆ ಅಂತ ಇದೆ ನೋಡಿ. ಪೂರ್ವವೋ ಪಶ್ಚಿಮವೋ, ಒಂದಕ್ಕೆ ಗುರುತು ಹಾಕಿ ಮೊಹರು ಒತ್ತಿ."

"ಅದು... ನಡೀತಾ ನಡೀತಾ ಹೇಳಿದರಾಗಲ್ವಾ?"

"ಆಗಲ್ಲ. ಪಡೆ ಗೊತ್ತಾಗದೆ ಬಿಲ್ಲೆ ಕೊಡೋ ಹಾಗಿಲ್ಲ. ಬಿಲ್ಲೆ ಇಲ್ಲದೆ ಊಟದ ಡಬ್ಬಿ ಕೊಡೋ ಹಾಗಿಲ್ಲ. ಡಬ್ಬಿ ಎರಡು ಥರ ಮಾಡಿಸಿದೀವಿ. ಪೂರ್ವದೋರಿಗೆ ಕರಿದ ಸಿಗಡಿ. ಪಶ್ಚಿಮದೋರಿಗೆ ಬೇಯಿಸಿದ ಗೆಡ್ಡೆ."

"ಹೆಣ್ಣಿನ ಕಡೆಯೋರು ಅಂತ ಬರ್ಕೊಳ್ಳಿ," ಅಂದಳು ತೋಶಿಯೆ.

"ಆ ಕಾಲಂ ಇಲ್ಲ ತಾಯಿ," ಅಂದರು ಹಿಬಿನೊ, ನಿಜವಾಗಿಯೂ ಫಾರಂ ತಿರುವಿ ನೋಡಿ.

ಮಿನೊವಾ ತಲೆ ಓಡಿಸಿದರು. ಯುದ್ಧ ಗೆದ್ದದ್ದು ಪೂರ್ವದವರು, ಇದು ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಸುಳ್ಳು ಹೇಳುವುದೇ ಆದರೆ ಸೋತವನ ಮೊಮ್ಮಗ ಅಂತ ಯಾಕೆ ಹೇಳಬೇಕು? ಸಾಲದ್ದಕ್ಕೆ ಸಿಗಡಿ ಬೇರೆ. ಪೂರ್ವಕ್ಕೆ ಗುರುತು ಹಾಕಿ ಮೊಹರು ಒತ್ತಿಬಿಟ್ಟರು.

ಬಾವುಟಗಳು ಒಂದೊಂದಾಗಿ ಕೆಳಗಿಳಿದವು. ಶಂಖದ ಓಝಾಕಿ ಶಂಖವನ್ನು ಚೀಲಕ್ಕೆ ಹಾಕಿಕೊಂಡ. ಕುವಾಬಾರಾ ಅವರ ಹುಬ್ಬುಗಳು ಇಳಿದು ಕಣ್ಣು ಮುಚ್ಚಿಹೋದವು.

"ಏನಾಯ್ತು?" ಅಂತ ಮಿನೊವಾ ಹುಡುಗನನ್ನು ಪಿಸುಮಾತಿನಲ್ಲಿ ಕೇಳಿದರು.

"ನಮ್ಮಪ್ಪ ಪಶ್ಚಿಮದ ಕಡೆ, ಮಾವ," ಅಂದ ಶಿಂಗೊ. "ಇವರೆಲ್ಲರೂ ಅಷ್ಟೇ. ಸೋತು ಓಡಿ ಬಂದೋರಿಗೆ ನಮ್ಮ ಹಿರಿಯರು ಮೂಲಂಗಿ ಗುಡಿಸಲಲ್ಲಿ ಜಾಗ ಕೊಟ್ಟಿದ್ದರಂತೆ. ಅವತ್ತಿನಿಂದ, ಗೆದ್ದೋರ ಊಟ ಅಂತ, ನಮ್ಮನೇಲಿ ಕರಿದ ಸಿಗಡಿ ಮಾಡಲ್ಲ."

ನಡಿಗೆ ಶುರುವಾಯಿತು. ಹೊಲಗಳ ನಡುವಿನ ಸಣ್ಣ ರಸ್ತೆ, ಹೆಜ್ಜೆ ಹೆಜ್ಜೆಗೂ ಕಲ್ಲು ಕಂಬ, ಇಂಥ ದೊರೆ ಇಲ್ಲಿ ಬೀಡುಬಿಟ್ಟಿದ್ದ, ಇಂಥವನು ಇಲ್ಲಿ ಸತ್ತ. ಬೇರೆ ದಿನವಾಗಿದ್ದರೆ ಒಂದೊಂದು ಕಂಬಕ್ಕೂ ಏಳು ಮುದುಕರು ಏಳು ಕಥೆ ಹೇಳುತ್ತಿದ್ದರು. ಅಂದು ಶವಯಾತ್ರೆಯ ಹಾಗೆ ನಡೆದರು. ಕುವಾಬಾರಾ ಎಲ್ಲರಿಗಿಂತ ಇಪ್ಪತ್ತು ಮಾರು ಮುಂದೆ. ಎರಡು ತಾಸಿನಲ್ಲಿ ಅವರು ಆಡಿದ್ದು ಒಂದೇ ಮಾತು, ಅದೂ ಮಗನಿಗೆ: "ಮದುವೆ ವಿಷಯ ಬರೋ ವರ್ಷ ನೋಡೋಣ ಬಿಡು. ಅವಸರ ಏನಿದೆ."

ಮಿಫುಯು ಇದನ್ನು ಕೇಳಿಸಿಕೊಂಡಳು. ಮಫ್ಲರನ್ನು ಮೂಗಿನವರೆಗೆ ಎಳೆದುಕೊಂಡು ತಲೆ ತಗ್ಗಿಸಿ ನಡೆದಳು. ಮಗಳು ಹಾಗೆ ನಡೆಯುವುದನ್ನು ಮಿನೊವಾ ಅವಳ ಆರನೇ ವಯಸ್ಸಿನಿಂದ ಬಲ್ಲರು. ಮಫ್ಲರ್ ಒಳಗೆ ಅಳುತ್ತಾಳೆ.

ಪಶ್ಚಿಮದ ಸೇನಾಪತಿ ಬೀಡುಬಿಟ್ಟಿದ್ದ ಸಾಸಾವೊ ಗುಡ್ಡ ಹತ್ತಿ ಎಲ್ಲರೂ ಊಟಕ್ಕೆ ಕೂತರು. ಹನ್ನೊಂದು ಗೆಡ್ಡೆ ಡಬ್ಬಿಗಳ ನಡುವೆ ಒಂದೇ ಒಂದು ಸಿಗಡಿ ಡಬ್ಬಿ. ಅದರ ಘಮಘಮ ಸುತ್ತಲೂ ಹರಡಿತು. ಮಿನೊವಾ ಮುಚ್ಚಳ ತೆರೆದು, ಮುಚ್ಚಿ, ಎದ್ದು ನಿಂತರು.

"ಬೀಗರೇ, ಒಂದು ತಪ್ಪಾಯ್ತು. ನಮ್ಮೋರು ಪೂರ್ವ ಅಲ್ಲ. ಪಶ್ಚಿಮ."

ಹಿಬಿನೊ ಗೆಡ್ಡೆ ಅಗಿಯುವುದನ್ನು ನಿಲ್ಲಿಸಿ ಫಾರಂ ಹೊರಗೆ ತೆಗೆದರು. "ತಿದ್ದುಪಡಿಗೆ ವೇಳೆ ಬರೀಬೇಕಾಗತ್ತೆ," ಅಂದು ಗಡಿಯಾರ ನೋಡಿದರು. "ಹನ್ನೆರಡು ಗಂಟೆ ಐದು ನಿಮಿಷ." ಬರೆಯುತ್ತಾ ಬರೆಯುತ್ತಾ ಅವರ ಕೈ ನಿಂತಿತು. ತಲೆ ಎತ್ತಿ ಓಝಾಕಿಯನ್ನು ನೋಡಿದರು. ಓಝಾಕಿ ಇನ್ನೊಬ್ಬನನ್ನು ನೋಡಿದ. ಆಮೇಲೆ ಏಳೂ ತಲೆಗಳು ನಿಧಾನವಾಗಿ ದಕ್ಷಿಣಕ್ಕೆ ತಿರುಗಿದವು. ಅಲ್ಲಿ, ಬಯಲಿನ ಆಚೆ, ಮಾತ್ಸುವೊ ಗುಡ್ಡ ನಿಂತಿತ್ತು.

ಆ ಗುಡ್ಡದ ಕಥೆ ಆ ಸೀಮೆಯಲ್ಲಿ ಹಸುಳೆಗೂ ಗೊತ್ತು. ಯುದ್ಧದ ದಿನ ಅದರ ಮೇಲೆ ಹದಿನೈದು ಸಾವಿರ ಜನ ಕಟ್ಟಿಕೊಂಡು ಒಬ್ಬ ಯುವ ದೊರೆ ಕೂತಿದ್ದ. ಪಶ್ಚಿಮದವನು. ಬೆಳಗಿನಿಂದ ಸುಮ್ಮನೆ ಕೂತವನು ಮಧ್ಯಾಹ್ನ ಇಳಿದು ಬಂದು ತನ್ನವರ ಮೇಲೇ ಬಿದ್ದ. ಯುದ್ಧ ಅಲ್ಲಿಗೆ ಮುಗಿಯಿತು.

"ಮಧ್ಯಾಹ್ನ," ಅಂದ ಓಝಾಕಿ.

"ಅದೇ ಹೊತ್ತು," ಅಂದ ಇನ್ನೊಬ್ಬ.

"ಆದರೆ ಅವನು ಪಶ್ಚಿಮ ಬಿಟ್ಟು ಪೂರ್ವಕ್ಕೆ ಹೋದ. ಇವರು ಪೂರ್ವ ಬಿಟ್ಟು ಪಶ್ಚಿಮಕ್ಕೆ ಬಂದ್ರಲ್ಲ?" ಅಂತ ಮೂರನೆಯವನು ಆಕ್ಷೇಪಿಸಿದ.

ಹಿಬಿನೊ ಕನ್ನಡಕ ತೆಗೆದರು. "ವಾಪಸ್ ಬಂದಿದಾರೆ ಕಣಯ್ಯಾ. ನಾನೂರು ವರ್ಷ ಹಿಡೀತು ಅಷ್ಟೇ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಊರಲ್ಲೂ ಇರುತ್ತಾರೆ. ಇಲ್ಲಿ ಏಳು ಜನ ಇದ್ದರು. ಡಬ್ಬಿಗಳು ಉರುಳಿದವು. ಓಝಾಕಿ ಚೀಲದಿಂದ ಶಂಖ ಕಿತ್ತುಕೊಂಡ. ಇಲ್ಲಿಗೆ ಯಾವ ಯಾವ ದೊರೆಯ ವಂಶದವರೆಲ್ಲ ಬಂದಿದ್ದಾರೆ, ಬಾಣಸಿಗನ ವಂಶದವರು ಕೂಡ ಬಂದು ಫೋಟೋ ತೆಗೆಸಿಕೊಂಡಿದ್ದಾರೆ. ಕೈಕೊಟ್ಟವನ ಪಡೆಯವರು ಅಂತ ಹೇಳಿಕೊಂಡು ಈವರೆಗೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಬಳಗದವರು ವರ್ಷವರ್ಷ ಆಡುವ ಯುದ್ಧದ ಆಟದಲ್ಲೂ ಆ ವೇಷ ಯಾರೂ ಹಾಕುವುದಿಲ್ಲ. ಹೋದ ವರ್ಷ ಬೆದರುಬೊಂಬೆಗೆ ಶಿರಸ್ತ್ರಾಣ ಕಟ್ಟಿ ಗುಡ್ಡದ ಮೇಲೆ ನಿಲ್ಲಿಸಿದ್ದರು, ಅದೂ ಗಾಳಿಗೆ ಬಿದ್ದುಹೋಗಿತ್ತು.

ಈ ಗದ್ದಲದ ನಡುವೆ ಸುಮ್ಮನಿದ್ದವರು ಕುವಾಬಾರಾ ಒಬ್ಬರೇ. ಅವರು ಮಿನೊವಾ ಅವರ ಎದುರಿಗೆ ಬಂದು ನಿಂತರು.

"ನೋಡಿ ಬೀಗರೇ. ಗೆದ್ದೋರ ಮನೆ ಹುಡುಗಿ ಅಂದ್ರೆ ಹೇಗೋ ನುಂಗಿಕೊಳ್ತಿದ್ದೆ. ಪಕ್ಷ ಬದಲಾಯಿಸಿದೋರನ್ನ ಮಾತ್ರ ಈ ಕಣಿವೇಲಿ ಯಾರೂ ಕ್ಷಮಿಸಿಲ್ಲ. ಕಣ್ಣು ನೋಡಿ ಹೇಳಿ. ನಿಮ್ಮ ಹಿರಿಯರು ಆ ಗುಡ್ಡದ ಮೇಲಿದ್ದರಾ?"

ಇಲ್ಲ ಅನ್ನಬೇಕಿತ್ತು. ಇಲ್ಲ ಎನ್ನುವ ಮಾತು ಮಿನೊವಾ ಅವರ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಇಪ್ಪತ್ತೇಳು ವರ್ಷದ ಅಭ್ಯಾಸ ಕೇಳಬೇಕಲ್ಲ. ಎದುರಿಗೆ ಒಬ್ಬ ಮನುಷ್ಯ ಮುಖ ಕೆಂಪು ಮಾಡಿಕೊಂಡು ನಿಂತು ಪ್ರಶ್ನೆ ಕೇಳಿದರೆ ಅವರ ಸೊಂಟ ಅವರನ್ನು ಕೇಳದೆ ತಾನೇ ಬಾಗುತ್ತದೆ. ಬಾಗಿಬಿಟ್ಟಿತು, ಪೂರ್ತಿ ತೊಂಬತ್ತು.

"ಒಪ್ಪಿಕೊಂಡರು," ಅಂದರು ಹಿಬಿನೊ, ಬರೆದುಕೊಳ್ಳುತ್ತಾ.

ಮುಂದಿನದ್ದನ್ನು ಯಾರಿಂದಲೂ ತಡೆಯಲಾಗುತ್ತಿರಲಿಲ್ಲ. ಗುಡ್ಡದ ಮೇಲೇ ನಿಂತು, ಅದೇ ಜಾಗದಿಂದ, ಇಡೀ ಕಣಿವೆಗೆ ಕ್ಷಮೆ ಕೇಳಬೇಕು ಅಂತ ಏಳು ಜನ ಒಕ್ಕೊರಲಿನಿಂದ ಅಂದರು. ಕುವಾಬಾರಾ ಮುಂದಾಗಿ ನಡೆಯತೊಡಗಿದರು. ಎರಡು ತಾಸು ನಡಿಗೆ. ದಾರಿಯುದ್ದಕ್ಕೂ ಓಝಾಕಿ ಊದಿದ್ದೇ ಊದಿದ್ದು. ಪರ್ಸಿಮನ್ ಹಣ್ಣು ಕೀಳುತ್ತಿದ್ದ ಹೆಂಗಸರು ಬುಟ್ಟಿ ಕೆಳಗಿಟ್ಟು, "ಏನ್ರಪ್ಪಾ ಅದು?" ಅಂತ ಕೂಗಿದರೆ, "ಕೈಕೊಟ್ಟೋನು ವಾಪಸ್ ಬಂದ," ಅಂತ ಇವರ ಉತ್ತರ. "ಅಂತೂ ಬಂದನಾ," ಅಂದು ಅವರೂ ಹಿಂದೆ ಹೊರಟರು. ಗುಡ್ಡದ ಬುಡ ಮುಟ್ಟುವಾಗ ಮೆರವಣಿಗೆ ಮೂವತ್ತು ಜನರದ್ದಾಗಿತ್ತು. ಮಿನೊವಾ ಅವರ ಹೊಸ ಬೂಟು ಎರಡೂ ಹಿಮ್ಮಡಿ ಕಚ್ಚಿತ್ತು.

"ರೀ, ಈಗಲಾದರೂ ಹೇಳಿಬಿಡಿ. ನಿಮ್ಮ ದಮ್ಮಯ್ಯ," ಅಂತ ತೋಶಿಯೆ ಏರಿನಲ್ಲಿ ಏದುಸಿರು ಬಿಡುತ್ತಾ ಅಂದಳು.

"ಮೇಲೆ ಹೋಗಿ ಹೇಳ್ತೀನಿ," ಅಂದರು ಮಿನೊವಾ.

ಮೇಲೆ ಹೋದರು. ಕೆಳಗೆ ಇಡೀ ಬಯಲು ಬಿಸಿಲಿನಲ್ಲಿ ಬಿದ್ದುಕೊಂಡಿತ್ತು. ಮೂವತ್ತು ಜನ ಅರ್ಧಚಂದ್ರಾಕಾರವಾಗಿ ನಿಂತು ಕಾಯುತ್ತಿದ್ದರು. ಮಿನೊವಾ ಬಯಲಿನ ಕಡೆ ಮುಖ ಮಾಡಿ, ಕೋಟಿನ ಗುಂಡಿ ಹಾಕಿ, ಪಾದ ಜೋಡಿಸಿದರು. ಬಾಯಿ ತೆರೆದದ್ದೇ ಗೊತ್ತು, ಆಮೇಲೆ ಮಾತು ತಾನಾಗಿಯೇ ಬಂತು.

"ಬರೋದು ತಡವಾಯ್ತು, ಮೊದಲು ಅದಕ್ಕೆ ಕ್ಷಮೆ ಇರಲಿ. ನೀವು ನಮ್ಮನ್ನ ನಂಬಿದ್ರಿ. ಆ ನಂಬಿಕೆಗೆ ನಾವು ತಕ್ಕವರಲ್ಲ ಅಂತ ನಮಗೆ ಗೊತ್ತಿತ್ತು. ಬೆಳಗಿನಿಂದ ಬಾಯಿಬಿಟ್ಟು ಹೇಳೋಕೆ ಎಷ್ಟೋ ಸಲ ಸಮಯ ಸಿಕ್ಕಿತ್ತು. ಧೈರ್ಯ ಬರಲಿಲ್ಲ. ಯಾವ ಕಡೆ ನಿಂತರೆ ನಮ್ಮೋರಿಗೆ ಒಳ್ಳೇದಾಗತ್ತೆ ಅಂತ ಅಳೀತಾ ಸುರೀತಾ ಇದ್ವಿ. ಗಳಿಗೆಗೊಂದು ಮಾತಾಡಿದ್ವಿ. ನಮ್ಮಿಂದ ಒಳ್ಳೆಯೋರ ಮನಸ್ಸು ನೊಂದಿದೆ. ಮಕ್ಕಳು ತಲೆ ತಗ್ಗಿಸಿ ನಡೆಯೋ ಹಾಗಾಗಿದೆ. ತಪ್ಪು ನಮ್ಮದು. ಪೂರ್ತಿ ನಮ್ಮದೇ." ಇಷ್ಟಕ್ಕೆ ನಿಲ್ಲಿಸಬಹುದಿತ್ತು; ಆದರೆ ಕಂಪನಿಯ ಅನ್ನ ತಿಂದ ನಾಲಿಗೆ. "ಇನ್ನು ಮುಂದೆ ಇಂಥದ್ದು ಮರುಕಳಿಸದ ಹಾಗೆ ಸೂಕ್ತ ಕ್ರಮ ಕೈಗೊಳ್ಳುತ್ತೇವೆ."

ಬಾಗಿದರು. ಚಾವಣಿ ನೆನೆದ ಮನೆಗಳ ಮುಂದೆಯೂ ಅವರು ಹಾಗೆ ಬಾಗಿದವರಲ್ಲ. ಏಳುವುದನ್ನೇ ಮರೆತರು.

ಹಿಂದೆ ಸೊರಸೊರ ಸದ್ದು. ಪರ್ಸಿಮನ್ ಹೆಂಗಸರು ಸೆರಗಿಲ್ಲದ್ದಕ್ಕೆ ಏಪ್ರನ್‌ನಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದರು. ಓಝಾಕಿಗೆ ಶಂಖ ಊದಲು ಉಸಿರು ಸಾಲದೆ ಬರೀ ಗಾಳಿ ಬಂತು. ಕುವಾಬಾರಾ ಬಂದು ಮಿನೊವಾ ಅವರ ಭುಜ ಹಿಡಿದು ಎತ್ತಿದರು. ಆ ಪೊದೆಹುಬ್ಬಿನ ಕೆಳಗೆ ಕಣ್ಣು ತುಂಬಿ ಹರಿಯುತ್ತಿತ್ತು.

"ಸಾಕು ಬೀಗರೇ. ಇಷ್ಟು ಮನಸ್ಸು ಬಿಚ್ಚಿ ಕ್ಷಮೆ ಕೇಳಿದ್ದನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ. ಒಪ್ಪಿಕೊಂಡೆ. ಈ ಕಣಿವೆ ಪರವಾಗಿ ಒಪ್ಪಿಕೊಂಡೆ. ನಿಮ್ಮ ಮಗಳು ನಮ್ಮ ಮನೆಗೆ ಬರಲಿ."

ಮೂವತ್ತು ಜನ ಕೈ ಎತ್ತಿ ಜಯಕಾರ ಹಾಕಿದರು. ಮಿಫುಯು ಮಫ್ಲರಿನಿಂದ ಮೂಗು ಹೊರಗೆ ತೆಗೆದಳು. ಮಿನೊವಾ ತೋಶಿಯೆಯ ಕಡೆ ನೋಡಿದರು. ಅವಳು ಬೇರೆ ಕಡೆ ನೋಡಿದಳು.

ಗುಡ್ಡ ಇಳಿದರೆ ಕುವಾಬಾರಾ ಅವರ ಮನೆ. ಚಹಾಕ್ಕೆ ಎಲ್ಲರೂ ಒಳಗೆ ನುಗ್ಗಿದರು. ಕುವಾಬಾರಾ ಅವರ ತಾಯಿ ಇಸೆ ಅಜ್ಜಿ, ಎಂಬತ್ತನಾಲ್ಕರ ಮುದುಕಿ, ಬೆಂಕಿಯ ಪಕ್ಕದಲ್ಲಿ ಕಾಲು ಮುಚ್ಚಿಕೊಂಡು ಕೂತಿದ್ದಳು. ಕುವಾಬಾರಾ ಒಳಗಿನಿಂದ ಬಟ್ಟೆ ಮುಚ್ಚಿದ ದೊಡ್ಡ ಚೌಕಟ್ಟೊಂದನ್ನು ಹೊತ್ತು ತಂದರು. ಬೀಗರಿಗೆ ತಿಳಿಯದ ಹಾಗೆ ತಾತನ ಫೋಟೋ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದರು. ಬಟ್ಟೆ ಎಳೆದರು. ಎಲ್ಲರೂ ಓಹೋ ಅಂದರು.

"ಅಮ್ಮ, ನೋಡು. ಸಮುರಾಯಿ ಮನೆತನದ ಲಾಂಛನ."

ಇಸೆ ಅಜ್ಜಿ ಕನ್ನಡಕ ಹಾಕಿಕೊಂಡು ಹತ್ತಿರ ಸರಿದಳು. ಬಲತೋಳಿನ ಮೇಲೆ ಬೆರಳಿಟ್ಟಳು.

"ಈ ಹೊಲಿಗೆ ನಂದು," ಅಂದಳು.

"ಏನಮ್ಮ?"

"ಓಗಾಕಿಯ ಸ್ಟುಡಿಯೋದಲ್ಲಿ ನಾನು ಬಟ್ಟೆ ಉಡಿಸೋ ಕೆಲಸಕ್ಕಿದ್ದೆನಲ್ಲೋ, ಮದುವೆಗೆ ಮುಂಚೆ. ಇದು ನಮ್ಮಲ್ಲಿ ಬಾಡಿಗೆಗೆ ಕೊಡ್ತಿದ್ದ ಅಂಗಿ. ಸ್ವಂತ ಲಾಂಛನ ಇಲ್ಲದೋರಿಗೆ ಅಂತಲೇ ಈ ಎಲೆ ಗುರುತು ಹಾಕಿಸಿ ಇಟ್ಟಿರ್ತಿದ್ವಿ. ಎಲ್ಲರಿಗೂ ನಡೆಯತ್ತೆ. ಮೀನು ಮಾರೋನಿಗೆ ಉಡಿಸಿದೀನಿ, ಔಷಧಿ ಅಂಗಡಿಯೋನಿಗೆ ಉಡಿಸಿದೀನಿ, ಅರ್ಧ ಓಗಾಕಿ ಊರಿಗೆ ಇದನ್ನೇ ಉಡಿಸಿದೀನಿ. ಒಬ್ಬ ದಪ್ಪನೆಯೋನು ತೋಳು ಹರಿದು ಹಾಕಿದ್ದ, ನಾನೇ ಹೊಲಿದೆ." ಆಮೇಲೆ ಫೋಟೋದ ಮುಖವನ್ನು ನೋಡಿ ಮೆಚ್ಚುಗೆಯಿಂದ ಅಂದಳು: "ಈ ಯಜಮಾನರಿಗೆ ಚೆನ್ನಾಗಿ ಒಪ್ಪಿದೆ."

ಹಿಬಿನೊ ಫಾರಂ ತೆಗೆದರು, ಎಲ್ಲಿ ತಿದ್ದಬೇಕು ಅಂತ ತಿಳಿಯದೆ ಹಾಗೇ ಹಿಡಿದುಕೊಂಡು ನಿಂತರು. ಕುವಾಬಾರಾ ಚೌಕಟ್ಟನ್ನು ಗೋಡೆಗೆ ಒರಗಿಸಿ ತಿರುಗಿದರು.

"ಹಾಗಾದರೆ ನೀವು ಗುಡ್ಡದೋರಲ್ಲ?"

ಮಿನೊವಾ ಚಾಪೆಯ ಮೇಲೆ ಮಂಡಿ ಊರಿ ಕೂತರು. ಈಗ ಕ್ಷಮೆ ಕೇಳಬೇಕು, ತನ್ನ ಸ್ವಂತ ತಪ್ಪಿಗೆ. ಎಂಥ ವಿಚಿತ್ರ ನೋಡಿ, ಊರವರ ನಲ್ಲಿಗಳಿಗೆಲ್ಲ ಇಪ್ಪತ್ತೇಳು ವರ್ಷ ಹರಿದ ಮಾತು ಈಗ ಒಂದು ಹನಿಯೂ ಬರಲಿಲ್ಲ.

"ಗುಡ್ಡದೋರಲ್ಲ," ಅಂದರು ಕೊನೆಗೆ. "ಯಾವ ಕಡೆಯೋರೂ ಅಲ್ಲ. ತಾತ ಓಗಾಕಿಯಲ್ಲಿ ಕೊಡೆ ರಿಪೇರಿ ಮಾಡ್ತಿದ್ದ. ಅದರ ಹಿಂದೆ ಯಾರಿದ್ದರೋ ದೇವರಿಗೇ ಗೊತ್ತು. ನಾವು ಕಡಿಮೆ ಅಂತ ನಿಮಗೆ ಅನ್ನಿಸಿದರೆ ಮಗಳಿಗೆ ತೊಂದರೆ ಆಗತ್ತೆ ಅಂತ ಹೆದರಿಕೆ ಆಯ್ತು."

"ಮತ್ತೆ ಮೇಲೆ ನಿಂತು ಹೇಳಿದ್ದು? ಅದೂ ಬಾಡಿಗೆಯದೇನಾ?"

"ಅದು ನಿಜ," ಅಂದರು ಮಿನೊವಾ. ತಲೆ ಎತ್ತಲಿಲ್ಲ. "ಆ ದೊರೆ ವಿಷಯ ನಂಗೇನು ಗೊತ್ತು? ನನ್ನ ವಿಷಯವೇ ಹೇಳಿಕೊಂಡೆ."

ಗುಡ್ಡದ ಮೇಲೆ ಕೇಳಿದ ಮಾತುಗಳನ್ನು ಒಂದೊಂದಾಗಿ ಮತ್ತೆ ಓದಿಕೊಳ್ಳುತ್ತಿರುವವರಂತೆ ಕುವಾಬಾರಾ ಅವರ ತುಟಿ ಆಡುತ್ತಿತ್ತು. ನಂಬಿದ್ರಿ. ಧೈರ್ಯ ಬರಲಿಲ್ಲ. ಗಳಿಗೆಗೊಂದು ಮಾತು. ಶಿಂಗೊ ಮಿಫುಯುವಿನ ಪಕ್ಕಕ್ಕೆ ಹೋಗಿ ನಿಂತ. ಓಝಾಕಿ ಶಂಖವನ್ನು ಎದೆಗೆ ಅಪ್ಪಿಕೊಂಡಿದ್ದ.

"ಏನಯ್ಯಾ ಹಿಬಿನೊ," ಅಂದರು ಕುವಾಬಾರಾ, "ಕಣಿವೆ ಪರವಾಗಿ ನಾನು ಏನಂದೆ, ಬರೆದಿದೀಯ?"

"ಒಪ್ಪಿಕೊಂಡೆ ಅಂದಿದ್ದೀರಿ. ಎರಡು ಸಲ. ಎರಡು ಗಂಟೆ ನಲವತ್ತು ನಿಮಿಷಕ್ಕೆ."

"ಹಾಂ. ಮಧ್ಯಾಹ್ನ ಒಂದು ಮಾತು, ಸಂಜೆ ಒಂದು ಮಾತು ಆಡೋಕೆ ನಾವೇನು ಆ ಗುಡ್ಡದೋರಾ?" ಅಂದವರೇ ಕುವಾಬಾರಾ ಕೂಡ ಚಾಪೆಯ ಮೇಲೆ ಕೂತರು. "ಎರಡು ತಿಂಗಳು ನಿಮ್ಮನ್ನ ಊರೆಲ್ಲ ಸಾರಿಕೊಂಡು ಬಂದು ಈ ಪಾಡು ಪಡಿಸಿದೋನು ನಾನು. ನನ್ನನ್ನೂ ಕ್ಷಮಿಸಿ ಬೀಗರೇ."

ಅಂದು ಬಾಗಿದರು. ಎದುರಿಗೆ ಬಾಗಿದವರಿಗಿಂತ ಮೊದಲು ತಲೆ ಎತ್ತುವುದು ಮರ್ಯಾದೆಯಲ್ಲ ಅಂತ ಮಿನೊವಾ ಇನ್ನಷ್ಟು ಬಾಗಿದರು. ಅತಿಥಿಗಿಂತ ಮೊದಲು ಎತ್ತುವುದು ಮರ್ಯಾದೆಯಲ್ಲ ಅಂತ ಕುವಾಬಾರಾ ಹಣೆಯನ್ನು ಚಾಪೆಗೇ ಮುಟ್ಟಿಸಿದರು. ಇಬ್ಬರಲ್ಲಿ ಯಾರು ಮೊದಲು ಏಳಬೇಕು ಅನ್ನುವುದು ಇತ್ಯರ್ಥವಾಗುವ ಹೊತ್ತಿಗೆ ತೋಶಿಯೆ ಮತ್ತು ಇಸೆ ಅಜ್ಜಿ ಪಂಚಾಂಗ ತೆಗೆದು, ಏಪ್ರಿಲ್ ಎರಡನೇ ಭಾನುವಾರ ಅಂತ ಮದುವೆಯ ದಿನ ಗೊತ್ತು ಮಾಡಿ, ಚಹಾ ಕುಡಿದು ಮುಗಿಸಿದ್ದರು.